ಆನ್‌ಲೈನ್ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಿಭಾಗವು ತಮ್ಮದೆನಿಸುವಂತೆ ಮಾಡುವುದು ಹೇಗೆ?

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯಂತೆ ಆನ್‌ಲೈನ್ ಕೋರ್ಸಿಗೆ ನಾಲ್ಕು ಅಂಗಗಳಿರಬೇಕು: ವಿಡಿಯೊ ಪಾಠ, ಓದುವ ಪಠ್ಯ, ಸ್ವಯಂ ಮೌಲ್ಯಮಾಪನ ಮತ್ತು ಚರ್ಚಾ ವೇದಿಕೆ. ಮೊದಲ ಮೂರನ್ನು ಒಮ್ಮೆ ಸಿದ್ಧಪಡಿಸಿದರೆ ಹಲವು ತಂಡಗಳಿಗೆ ಬಳಸಬಹುದು. ಚರ್ಚೆಗೆ ಮಾತ್ರ ಅಧ್ಯಾಪಕರು ನಿತ್ಯವೂ ಹಾಜರಿರಬೇಕು. ವಿಭಾಗಗಳು ಎಡವುವುದು ಇಲ್ಲಿಯೇ. ಹಗಲೆಲ್ಲ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ಎಂ.ಎ. ಓದಲು ಕೂರುವವರಿಗೆ, ಮಾತನಾಡಿಸುವ ಒಬ್ಬರೂ ಇಲ್ಲದಿದ್ದರೆ, ವಿಶ್ವವಿದ್ಯಾಲಯವೆಂದರೆ ಲಾಗಿನ್ ಪುಟವಷ್ಟೇ.

250 ವಿದ್ಯಾರ್ಥಿಗಳಿಗೆ ಒಬ್ಬ ಮೆಂಟರ್ (ಓದಿಗೆ ನೆರವಾಗುವವರು) ಎಂಬ ಅದೇ ನಿಯಮಾವಳಿಯ ಪ್ರಮಾಣ ಒಬ್ಬೊಬ್ಬರ ಪರಿಚಯಕ್ಕೆ ಸಾಲದು. ಆದ್ದರಿಂದ ಇಪ್ಪತ್ತು–ಇಪ್ಪತ್ತೈದು ಜನರ ಗುಂಪುಗಳನ್ನು ಮಾಡಿ, ಪ್ರತಿ ಗುಂಪನ್ನೂ ಒಬ್ಬ ಅಧ್ಯಾಪಕರಿಗೆ ಅಥವಾ ಸಂಶೋಧನಾ ವಿದ್ಯಾರ್ಥಿಗೆ ಒಪ್ಪಿಸಬೇಕು. ಅವರು ಮೊದಲ ವಾರದಲ್ಲೇ ಪ್ರತಿಯೊಬ್ಬರಿಗೂ ಫೋನ್ ಮಾಡಿ, ಕೆಲಸದ ವೇಳೆ ಯಾವುದು, ಪದವಿ ಮುಗಿದು ಎಷ್ಟು ವರ್ಷವಾಯಿತು, ಓದುವುದು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಈ ಮಾಹಿತಿ ಸಿಕ್ಕ ಮೇಲೆಯೇ ನೇರ ತರಗತಿಯ ವೇಳೆಯನ್ನು ಗೊತ್ತುಮಾಡಬೇಕು; ಉದ್ಯೋಗಸ್ಥರೇ ತುಂಬಿರುವ ತಂಡಕ್ಕೆ ಬೆಳಿಗ್ಗೆ ಹನ್ನೊಂದರ ತರಗತಿ ಇಡುವುದಕ್ಕಿಂತ ಇಡದಿರುವುದೇ ಲೇಸು. ಆ ತರಗತಿಯಲ್ಲಿ ವಿಡಿಯೊ ಪಾಠವನ್ನೇ ಮತ್ತೆ ಒಪ್ಪಿಸದೆ, ಸಂದೇಹಗಳಿಗೂ ಚರ್ಚೆಗೂ ಸಮಯ ಕೊಡಬೇಕು. ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿದ್ದರೂ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಿದರೆ, ಸುಮ್ಮನೆ ಕುಳಿತಿದ್ದ ಇನ್ನೂ ಕೆಲವರು ಬಾಯಿ ಬಿಡುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಗುಂಪುಗಳಿರಲಿ. ಶುಲ್ಕ, ಅಸೈನ್‌ಮೆಂಟ್, ಪರೀಕ್ಷೆಯ ದಿನಾಂಕಗಳನ್ನು ವಿಭಾಗದವರು ಮಾತ್ರ ಹಾಕುವಂಥದ್ದು ಒಂದು. ಅಧ್ಯಾಪಕರಿಲ್ಲದ, ವಿದ್ಯಾರ್ಥಿಗಳದ್ದೇ ಆದ ಇನ್ನೊಂದು. ಎರಡೂ ಬೆರೆತರೆ ಶುಭೋದಯದ ಚಿತ್ರಗಳ ನಡುವೆ ಪರೀಕ್ಷಾ ಸೂಚನೆ ಕಳೆದುಹೋಗುತ್ತದೆ.

ಎರಡು ವಾರ ಲಾಗಿನ್ ಆಗದವರ ಪಟ್ಟಿಯನ್ನು ತೆಗೆದು, ನೋಟಿಸ್ ಕಳುಹಿಸುವ ಬದಲು ಅವರಿಗೆ ಪರಿಚಿತರಾದ ಗುಂಪಿನ ಮೆಂಟರ್ ಕರೆ ಮಾಡುವುದು ಒಳ್ಳೆಯದು. ಅಸೈನ್‌ಮೆಂಟ್ ಏಕೆ ಬಂದಿಲ್ಲ ಎಂದು ಮೊದಲೇ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹೇಗಿದ್ದೀರಿ ಎಂದು ವಿಚಾರಿಸಿದರೆ ಮನೆಯ ಕಾಯಿಲೆ, ವರ್ಗಾವಣೆ, ಶುಲ್ಕದ ಅಡಚಣೆ ತಾವಾಗಿ ಹೊರಬರುತ್ತವೆ, ಆಗ ಗಡುವು ವಿಸ್ತರಿಸುವ ಬಗ್ಗೆ ಯೋಚಿಸಬಹುದು.

ಪ್ರಾಜೆಕ್ಟ್ ವಿಷಯ ಆರಿಸುವ ಮುನ್ನ ಗ್ರಂಥಪಾಲಕರಿಂದ ಒಂದು ಸಂಜೆಯ ತರಬೇತಿ ಏರ್ಪಡಿಸಿ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿರುವ ಪಿಎಚ್.ಡಿ. ಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. ತಮ್ಮ ವಿಭಾಗದವರೇ ಬರೆದ ಪ್ರಬಂಧಗಳನ್ನು ಅಲ್ಲಿ ಹುಡುಕಿ ತೋರಿಸಿ, ಸಾಧ್ಯವಾದರೆ ಬರೆದವರನ್ನೇ ಅರ್ಧ ಗಂಟೆ ಮಾತಿಗೆ ಕರೆಯಿರಿ. ಮುಂದೆ ಪ್ರಾಜೆಕ್ಟ್ ಮಂಡನೆಯೂ ಮಾರ್ಗದರ್ಶಕರೊಬ್ಬರ ಎದುರಷ್ಟೇ ಮುಗಿಯದಿರಲಿ. ಗುಂಪಿನ ಸಹಪಾಠಿಗಳೂ ವಿಡಿಯೊ ಕರೆಯಲ್ಲಿ ಸೇರಿ ಪ್ರಶ್ನೆ ಕೇಳಲಿ.