ಬೈಕಿಗಿಂತ ಮೊದಲು ವರ್ಕ್‌ಶಾಪ್ ನೋಡಿ: ಡೀಲರ್ ಸೇವೆಯನ್ನು ಅಳೆದು ಕಂಪನಿ ಆರಿಸುವ ಬಗೆ

ಬೈಕ್ ಕೊಳ್ಳುವವರು ಸಾಮಾನ್ಯವಾಗಿ ಬೆಲೆ, ಮೈಲೇಜ್, ನೋಟ ಇಷ್ಟನ್ನು ತೂಗಿ ಕಂಪನಿಯನ್ನು ನಿರ್ಧರಿಸುತ್ತಾರೆ. ಆ ಕಂಪನಿಯ ವರ್ಕ್‌ಶಾಪ್ ಹೇಗಿದೆ ಎಂಬುದು ಅವರಿಗೆ ಮೊದಲ ಫ್ರೀ ಸರ್ವಿಸ್‌ನ ದಿನ ಗೊತ್ತಾಗುತ್ತದೆ, ಅಷ್ಟರಲ್ಲಿ ಹಣ ಕೊಟ್ಟಾಗಿರುತ್ತದೆ. ಈ ಕ್ರಮ ತಿರುಗುಮುರುಗಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೀರೊ, ಹೋಂಡಾ, ಟಿವಿಎಸ್, ಬಜಾಜ್, ಯಮಹಾ, ಸುಜುಕಿ, ರಾಯಲ್ ಎನ್‌ಫೀಲ್ಡ್, ಈ ಎಲ್ಲ ಕಂಪನಿಗಳ ಶೋರೂಮ್ ಮತ್ತು ವರ್ಕ್‌ಶಾಪ್‌ಗಳನ್ನು ಬಹುಮಟ್ಟಿಗೆ ನಡೆಸುವವರು ಸ್ಥಳೀಯ ಡೀಲರ್‌ಗಳೇ ಆದ್ದರಿಂದ, ಒಂದೇ ಕಂಪನಿಯ ಸೇವೆ ಒಂದು ಊರಿನಲ್ಲಿ ಅಚ್ಚುಕಟ್ಟಾಗಿದ್ದು ಪಕ್ಕದ ಊರಿನಲ್ಲಿ ಕಳಪೆಯಾಗಿರುವುದು ಸಾಧ್ಯ. ಯಾವ ಕಂಪನಿಯ ಸೇವೆ ಒಳ್ಳೆಯದು ಎಂದು ಕೇಳುವುದಕ್ಕಿಂತ, ನಮ್ಮ ಊರಿನಲ್ಲಿ ಯಾರ ಸೇವೆ ಒಳ್ಳೆಯದು ಎಂದು ಕೇಳುವುದು ಸರಿಯಾದ ದಾರಿ.

ಮೊದಲು ದೂರವನ್ನು ಲೆಕ್ಕ ಹಾಕಿ. ತೀರ್ಥಹಳ್ಳಿಯವರು ಒಂದು ಸರ್ವಿಸ್‌ಗಾಗಿ ಶಿವಮೊಗ್ಗಕ್ಕೆ ಹೋಗಬೇಕಾದರೆ ಒಂದು ದಿಕ್ಕಿಗೆ ಸುಮಾರು 60 ಕಿಲೋಮೀಟರ್ ಪ್ರಯಾಣ, ಜೊತೆಗೆ ಒಂದು ದಿನದ ಕೂಲಿ ಅಥವಾ ರಜೆ ಖರ್ಚಾಗುತ್ತದೆ. ಕಂಪನಿಯ ಜಾಲತಾಣದಲ್ಲಿ ನಿಮ್ಮ ತಾಲೂಕಿನ ಹೆಸರಿನ ಮುಂದೆ ವಿಳಾಸ ಕಾಣಿಸಿದ ಮಾತ್ರಕ್ಕೆ ನಂಬಬೇಡಿ. ಸಣ್ಣ ಊರುಗಳಲ್ಲಿ ಮುಖ್ಯವಾಗಿ ಬೈಕ್ ಮಾರಾಟವನ್ನಷ್ಟೇ ನೋಡಿಕೊಳ್ಳುವ ಸಬ್ ಡೀಲರ್‌ಗಳಿರುತ್ತಾರೆ. ಅಲ್ಲಿ ಆಯಿಲ್ ಬದಲಾವಣೆಯ ಮಟ್ಟದ ಕೆಲಸ ನಡೆಯಬಹುದು, ಆದರೆ ವಾರಂಟಿಯಡಿ ಬಿಡಿಭಾಗ ಬದಲಿಸಲು ಗಾಡಿಯನ್ನು ಮುಖ್ಯ ಡೀಲರ್ ಬಳಿಗೇ ಕಳುಹಿಸಬೇಕಾಗಬಹುದು. ವಾರಂಟಿ ಕ್ಲೇಮ್ ಇಲ್ಲೇ ಆಗುತ್ತದೆಯೇ ಎಂದು ನೇರವಾಗಿ ಕೇಳಿ, ಸ್ಪಷ್ಟ ಉತ್ತರ ಪಡೆಯಿರಿ.

ಎರಡನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಶೋರೂಮಿನ ಗಾಜಿನ ಬಾಗಿಲಿಗೆ ಹೋಗದೆ, ಅದರ ಹಿಂಬದಿಯ ವರ್ಕ್‌ಶಾಪ್‌ಗೆ ವಾರದ ಕೆಲಸದ ದಿನ ಬೆಳಿಗ್ಗೆ ಒಮ್ಮೆ, ಗಾಡಿಗಳನ್ನು ವಾಪಸು ಕೊಡುವ ಸಂಜೆಯ ಹೊತ್ತಿಗೆ ಇನ್ನೊಮ್ಮೆ ಹೋಗಿ. ಅಂಗಳದ ಮೂಲೆಯಲ್ಲಿ ನಿಂತಿರುವ ಗಾಡಿಗಳನ್ನು ಗಮನಿಸಿ. ಸೀಟಿನ ಮೇಲೆ ದಪ್ಪಗೆ ಧೂಳು ಕೂತ, ಹೆಡ್‌ಲೈಟ್ ಅಥವಾ ಎಂಜಿನ್ ಕವರ್ ಬಿಚ್ಚಿಟ್ಟ ಗಾಡಿಗಳು ಹಲವು ಇದ್ದರೆ, ಅವು ಬಿಡಿಭಾಗಕ್ಕಾಗಿ ಕಾಯುತ್ತಿರುವ ಸಾಧ್ಯತೆಯೇ ಹೆಚ್ಚು. ಯಾವ ಮಾಡೆಲ್‌ನವು, ಯಾವ ಪಾರ್ಟ್ ಬರಬೇಕು ಎಂದು ಮೆಕ್ಯಾನಿಕ್‌ರನ್ನು ವಿಚಾರಿಸಿದರೆ ಹೆಚ್ಚಿನವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸಂಜೆ ಗಾಡಿ ಪಡೆಯಲು ಬಂದವರೊಂದಿಗೂ ಮಾತನಾಡಿ. ಹೇಳಿದ ದಿನ ಗಾಡಿ ಕೊಟ್ಟರೇ, ಬಿಚ್ಚಿದ ಹಳೆಯ ಪಾರ್ಟ್ ತೋರಿಸಿದರೇ, ಬಿಲ್ಲು ಮೊದಲು ಹೇಳಿದ ಅಂದಾಜಿಗಿಂತ ಹೆಚ್ಚಾದಾಗ ಫೋನ್ ಮಾಡಿ ಒಪ್ಪಿಗೆ ಕೇಳಿದರೇ? ಈ ಮೂರಕ್ಕೆ ಆರೇಳು ಜನ ಕೊಡುವ ಉತ್ತರ, ಅಂತರ್ಜಾಲದಲ್ಲಿ ಗ್ರಾಹಕರು ರೇಟಿಂಗ್ ಆಗಿ ಕೊಟ್ಟ ನೂರಾರು ನಕ್ಷತ್ರಗಳಿಗಿಂತ ನಂಬಲರ್ಹ ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಆ ನಕ್ಷತ್ರಗಳಲ್ಲಿ ಹೊಸ ಗಾಡಿ ಕೈಗೆ ಬಂದ ಸಂತೋಷದಲ್ಲಿ ಕೊಟ್ಟವೂ ಸೇರಿರುತ್ತವೆ.

ಅಲ್ಲಿಂದ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಬನ್ನಿ. ನೀವು ಕೊಳ್ಳಲಿರುವ ಮಾಡೆಲ್‌ನ ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್, ಚೈನ್ ಸ್ಪ್ರಾಕೆಟ್ ಸೆಟ್, ಇಂಡಿಕೇಟರ್, ಬ್ರೇಕ್ ಲಿವರ್ ಇವುಗಳ ಬೆಲೆ ಕೇಳಿ, ಈಗ ಸ್ಟಾಕ್ ಇದೆಯೇ ಎಂದೂ ಕೇಳಿ ಬರೆದುಕೊಳ್ಳಿ. ಇವು ಸವೆಯುವ ಅಥವಾ ಗಾಡಿ ಒಮ್ಮೆ ಬಿದ್ದರೆ ಮುರಿಯುವ ಭಾಗಗಳು; ಇವುಗಳೇ ಸ್ಟಾಕ್ ಇಲ್ಲದಿದ್ದರೆ ಉಳಿದುದರ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಬಳಿಕ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್, ಹೆಡ್‌ಲೈಟ್ ಅಸೆಂಬ್ಲಿ, ಸ್ಪೀಡೋಮೀಟರ್ ಇಂಥವು ಆರ್ಡರ್ ಹಾಕಿದರೆ ಎಷ್ಟು ದಿನಕ್ಕೆ ಬರುತ್ತವೆ ಎಂದು ಕೇಳಿ. ಎಲ್ಇಡಿ ಹೆಡ್‌ಲೈಟ್ ಕೆಟ್ಟರೆ ಅನೇಕ ಮಾಡೆಲ್‌ಗಳಲ್ಲಿ ಬಲ್ಬ್ ಬದಲಿಸಲು ಬರುವುದಿಲ್ಲ, ಇಡೀ ಘಟಕವನ್ನೇ ಕೊಳ್ಳಬೇಕಾಗುತ್ತದೆ. ಈ ಬೆಲೆ ಮೊದಲೇ ತಿಳಿದಿರುವುದು ಒಳಿತು.

2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಎಂಜಿನ್‌ಗೆ ಪೆಟ್ರೋಲ್ ಒದಗಿಸುವ ಹಳೆಯ ಕಾರ್ಬ್ಯುರೇಟರ್ ಬಹುತೇಕ ಮರೆಯಾಗಿ, ಎಲೆಕ್ಟ್ರಾನಿಕ್ ನಿಯಂತ್ರಣದ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಎಂಜಿನ್‌ನ ಎಚ್ಚರಿಕೆ ದೀಪ ಹೊತ್ತಿಕೊಂಡರೆ ಅನುಭವಿ ಮೆಕ್ಯಾನಿಕ್‌ನ ಕಿವಿ ಮಾತ್ರ ಸಾಲದು, ದೋಷವನ್ನು ಓದಿ ಹೇಳುವ ಆ ಕಂಪನಿಯ ಸ್ಕ್ಯಾನರ್ ಬೇಕು. ನಿಮ್ಮ ಹತ್ತಿರದ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಇದೆಯೇ, ಅದನ್ನು ಬಳಸಲು ತರಬೇತಿ ಪಡೆದವರು ಎಷ್ಟು ಮಂದಿ ಇದ್ದಾರೆ ಎಂದು ವಿಚಾರಿಸಿ. ಒಬ್ಬನೇ ಇದ್ದು, ಅವನು ಕೆಲಸ ಬಿಟ್ಟರೆ ಗಾಡಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗುತ್ತದೆ.

ಡೀಲರ್‌ಷಿಪ್ ಮುಚ್ಚಿದರೆ ಏನು ಎಂಬ ಪ್ರಶ್ನೆಯನ್ನೂ ಬದಿಗಿಡಬಾರದು. ಹಾರ್ಲೆ-ಡೇವಿಡ್‌ಸನ್ 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದಾಗ, ಅದರ ಗಾಡಿ ಕೊಂಡಿದ್ದವರು ಬಿಡಿಭಾಗಗಳ ಚಿಂತೆಗೆ ಬಿದ್ದರು. ಮರುತಿಂಗಳು ಹೀರೊ ಮೋಟೊಕಾರ್ಪ್ ಮಾರಾಟ ಮತ್ತು ಸೇವೆಯ ಹೊಣೆ ಹೊರುವ ಒಪ್ಪಂದವಾದ ಮೇಲೆಯೇ ಅದು ತಗ್ಗಿತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಹಳೆಯ ಜಾವಾ, ಯೆಜ್ಡಿಗಳು ಇಂದಿಗೂ ಓಡುತ್ತಿವೆ, ಏಕೆಂದರೆ ಅವುಗಳ ಮರ್ಮ ಬಲ್ಲ ಮೆಕ್ಯಾನಿಕ್‌ಗಳೂ ಪಾರ್ಟ್ಸ್ ಹುಡುಕಿ ಕೊಡುವ ಅಂಗಡಿಗಳೂ ಕಂಪನಿಯ ಹೊರಗೆ ಉಳಿದುಕೊಂಡವು. ಆದ್ದರಿಂದ ನಿಮ್ಮ ಊರಿನಲ್ಲಿ ಕಂಪನಿಯ ಹೊರಗಿನ ಮೆಕ್ಯಾನಿಕ್‌ಗೆ ಆ ಮಾಡೆಲ್‌ನ ಕೈಬಳಕೆ ಇದೆಯೇ, ಅದರ ಭಾಗಗಳು ಸಾಮಾನ್ಯ ಆಟೊಮೊಬೈಲ್ ಅಂಗಡಿಯಲ್ಲಿ ಅಥವಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆಯೇ ಎಂದು ತಿಳಿದುಕೊಳ್ಳಿ. ವಾರಂಟಿ ಇರುವವರೆಗೆ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಹೊರಗಿನ ಮೆಕ್ಯಾನಿಕ್‌ನ ಅಗತ್ಯ ಬೀಳುವುದು ಅದು ಮುಗಿದ ನಂತರದ ದೀರ್ಘ ವರ್ಷಗಳಲ್ಲಿ.

ಡೀಲರ್‌ನ ನಡವಳಿಕೆಯನ್ನು ಖರೀದಿಯ ಮಾತುಕತೆಯಲ್ಲೇ ಅಳೆಯಬಹುದು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ (ಅಪಘಾತದಲ್ಲಿ ಇತರರಿಗಾಗುವ ಹಾನಿಗೆ ಪರಿಹಾರ ಕೊಡುವ ವಿಮೆ) ಕಡ್ಡಾಯ, ಆದರೆ ಅದನ್ನು ಡೀಲರ್ ಬಳಿಯೇ ಕೊಳ್ಳುವುದು ಕಡ್ಡಾಯವಲ್ಲ. ಈ ಮಾತು ಎತ್ತಿದ ಕೂಡಲೇ ಡೆಲಿವರಿ ತಡವಾಗುತ್ತದೆ ಎಂದು ಹೆದರಿಸುವವರು, ಬೇಡವೆಂದರೂ ಆಕ್ಸೆಸರೀಸ್ ಬಿಲ್ಲಿಗೆ ಸೇರಿಸುವವರು ಮುಂದೆ ಸರ್ವಿಸ್‌ನ ಕೆಲಸಗಳನ್ನು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲೂ ಹಾಗೆಯೇ ಮಾಡುವ ಸಂಭವವಿದೆ.

ಇಷ್ಟಾದರೂ ತಕರಾರು ಬಂದರೆ ಮೊದಲು ವರ್ಕ್‌ಶಾಪ್ ಮ್ಯಾನೇಜರ್‌ಗೆ, ನಂತರ ಕಂಪನಿಯ ಕಸ್ಟಮರ್ ಕೇರ್‌ಗೆ ಲಿಖಿತವಾಗಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೈಕ್ ಎಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು, ಮತ್ತು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಇದಕ್ಕಾಗಿ ಪ್ರತಿ ಸರ್ವಿಸ್‌ನ ಜಾಬ್ ಕಾರ್ಡ್, ಬಿಲ್ಲು ಮತ್ತು ಗಾಡಿ ಒಪ್ಪಿಸಿದ ದಿನದ ಓಡೋಮೀಟರ್ ಫೋಟೊವನ್ನು ಮೊದಲ ಫ್ರೀ ಸರ್ವಿಸ್‌ನಿಂದಲೇ ಜೋಡಿಸಿಟ್ಟುಕೊಳ್ಳಿ.