ನಾಲ್ಕು ಹಾಕಿದರೆ ಮೂರೂಕಾಲು: ಕಾಣದ ರ‍್ಯಾಮ್ ಹುಡುಕಿದ ನನ್ನ ಅನುಭವ

2012ರ ಮಳೆಗಾಲದ ಒಂದು ಮಧ್ಯಾಹ್ನ ಮಾಟುಂಗಾದ ಹೋಟೆಲೊಂದರ ಮಾಲೀಕರು ಫೋನ್ ಮಾಡಿದರು. ಎರಡು ದಿನಗಳ ಹಿಂದೆ ನಾನೇ ಅವರ ಗಲ್ಲೆಯ ಪಕ್ಕದ ಬಿಲ್ಲಿಂಗ್ ಕಂಪ್ಯೂಟರಿಗೆ, ಕೆಲಸ ನಡೆಯುವಾಗ ಮಾಹಿತಿಯನ್ನು ಹಿಡಿದಿಡುವ 2 ಜಿಬಿಯ ಎರಡು ರ‍್ಯಾಮ್ ಸ್ಟಿಕ್ಕುಗಳನ್ನು ಹಾಕಿಕೊಟ್ಟು ಬಂದಿದ್ದೆ. ಊರಿನಿಂದ ಬಂದಿದ್ದ ಅವರ ಅಳಿಯ ಅದೇ ಯಂತ್ರದಲ್ಲಿ ಸಿಸ್ಟಂ ವಿವರದ ಪುಟವನ್ನು ತೆರೆದು ನೋಡಿದಾಗ, ಅಳವಡಿಸಿದ ಮೆಮೊರಿ 4.00 ಜಿಬಿ, ಬಳಕೆಗೆ ಸಿಗುವುದು 3.25 ಜಿಬಿ ಎಂದು ಬರೆದಿತ್ತಂತೆ. “ನಾಲ್ಕಕ್ಕೆ ದುಡ್ಡು ಕೊಟ್ಟಿದ್ದೇನೆ ಮಾರಾಯ್ರೆ, ಇದು ಮೂರೂಕಾಲು ತೋರಿಸ್ತದೆ. ಮಾಲು ಡೂಪ್ಲಿಕೇಟ್ ಅಲ್ವಾ?” ಎಂದು ಅವರು ಕೇಳಿದರು. ನನಗೂ ಹಾಗೆಯೇ ಅನ್ನಿಸಿತು. ಡೊಂಬಿವಿಲಿಯಲ್ಲಿದ್ದುಕೊಂಡು ಮುಂಬಯಿಯ ಹೋಟೆಲು, ಅಂಗಡಿ, ಮನೆಗಳ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಇಳಿದು ಆಗ ಮೂರೇ ವರ್ಷವಾಗಿತ್ತು, ಗಿರಾಕಿಯ ನಂಬಿಕೆ ಒಮ್ಮೆ ಹೋದರೆ ಮತ್ತೆ ಬಾರದು ಎಂಬ ಅಂಜಿಕೆ ಇತ್ತು.

ಸ್ಟಿಕ್ಕುಗಳನ್ನು ಕಳಚಿಕೊಂಡು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನಲ್ಲಿ ಅವುಗಳನ್ನು ಕೊಂಡಿದ್ದ ಅಂಗಡಿಗೆ ಹೋಗಿ ಸ್ವಲ್ಪ ಜೋರಾಗಿಯೇ ಮಾತನಾಡಿದೆ. ಅಂಗಡಿಯವರು ಎದುರು ಮಾತನಾಡಲಿಲ್ಲ. ಎರಡೂ ಸ್ಟಿಕ್ಕುಗಳನ್ನು ತಮ್ಮ ಪರೀಕ್ಷೆಯ ಯಂತ್ರಕ್ಕೆ ಹಾಕಿ ಚಾಲೂ ಮಾಡಿದರು. ಅದರಲ್ಲಿ 64 ಬಿಟ್ ವಿಂಡೋಸ್ ಇತ್ತು, ಹೋಟೆಲಿನದರಲ್ಲಿ 32 ಬಿಟ್ಟಿನದು (ಒಂದು ವಿಳಾಸ ಅಥವಾ ಸಂಖ್ಯೆ ಎಷ್ಟು ಉದ್ದವಿರಬಹುದೆಂಬುದನ್ನು ಈ ಬಿಟ್ ಲೆಕ್ಕ ಹೇಳುತ್ತದೆ). 4 ಜಿಬಿ ಪೂರ್ತಿಯಾಗಿ ಕಾಣಿಸಿತು. ಮಾಲಿನಲ್ಲಿ ದೋಷವಿಲ್ಲ, ನಿಮ್ಮ ಯಂತ್ರವನ್ನು ನೋಡಿಕೊಳ್ಳಿ ಎಂದು ಹಿಂದಿಯಲ್ಲಿ ಸಮಾಧಾನವಾಗಿ ಹೇಳಿ ಕವರಿಗೆ ಹಾಕಿ ಹಿಂದಿರುಗಿಸಿದರು. ಅವರ ಮೇಲೆ ತಪ್ಪು ಹೊರಿಸಿದ್ದಕ್ಕೆ ಅಲ್ಲಿಯೇ ಕ್ಷಮೆ ಕೇಳಿದೆ. ಆ ದಿನದಿಂದ, ರ‍್ಯಾಮ್ ಕಡಿಮೆ ಕಾಣಿಸಿದರೆ ಅದು ಎಲ್ಲಿಗೆ ಹೋಯಿತೆಂದು ಗೊತ್ತಾಗುವ ತನಕ ಯಾರನ್ನೂ ದೂರಬಾರದೆಂದು ನಿಶ್ಚಯಿಸಿಕೊಂಡೆ.

ಮಾರನೆಯ ದಿನ ಹೋಟೆಲಿನ ಯಂತ್ರದಲ್ಲಿ ಯಂತ್ರದ ಭಾಗಗಳನ್ನು ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರ್ ತೆರೆದು, ಅದರ ವ್ಯೂ ಪಟ್ಟಿಯಿಂದ ಸಂಪನ್ಮೂಲಗಳನ್ನು ಬಗೆಬಗೆಯಾಗಿ ತೋರಿಸುವ ಆಯ್ಕೆಯನ್ನು ಒತ್ತಿ, ಮೆಮೊರಿ ಎಂಬ ಸಾಲನ್ನು ಬಿಡಿಸಿದೆ. ಅಲ್ಲಿ ವಿಳಾಸಗಳ, ಎಂದರೆ ಮೆಮೊರಿಯ ಜಾಗಗಳನ್ನು ಗುರುತಿಸುವ ನಂಬರುಗಳ, ಉದ್ದನೆಯ ಪಟ್ಟಿಯೇ ಇತ್ತು. ಇವುಗಳನ್ನು ಸೊನ್ನೆಯಿಂದ ಒಂಬತ್ತರ ಅಂಕೆಗಳ ಜೊತೆಗೆ ಎ ಇಂದ ಎಫ್ ತನಕದ ಅಕ್ಷರಗಳನ್ನೂ ಬಳಸುವ ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ. ಡಿ ಮತ್ತು ಏಳು ಸೊನ್ನೆಗಳ ವಿಳಾಸದಿಂದ ಆರಂಭವಾಗಿ 256 ಎಂಬಿಯಷ್ಟು ಜಾಗ ಗ್ರಾಫಿಕ್ಸ್ ಕಾರ್ಡಿನ ಹೆಸರಿನಲ್ಲಿತ್ತು. ಇ ಮತ್ತು ಏಳು ಸೊನ್ನೆಗಳಿಂದ ಮುಂದಿನ 256 ಎಂಬಿ, ಕಾರ್ಡುಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ವ್ಯವಸ್ಥೆಯ ಸಂರಚನೆಗೆ ಮೀಸಲಾಗಿತ್ತು. ಈ 256 ಆಕಸ್ಮಿಕವಲ್ಲ: 256 ಬಸ್ಸು (ಸಾಧನಗಳನ್ನು ಜೋಡಿಸುವ ದಾರಿ), ಪ್ರತಿ ಬಸ್ಸಿಗೆ 32 ಸಾಧನ, ಪ್ರತಿ ಸಾಧನಕ್ಕೆ 8 ಫಂಕ್ಷನ್ (ಸಾಧನದೊಳಗಿನ ಉಪಸಾಧನ), ಪ್ರತಿ ಫಂಕ್ಷನ್ನಿಗೆ 4 ಕೆಬಿ ಎಂದು ಗುಣಿಸಿದರೆ ಸರಿಯಾಗಿ 256 ಎಂಬಿ ಬರುತ್ತದೆ. ಎಫ್ ಅಕ್ಷರದಿಂದ ಶುರುವಾಗುವ ಕೊನೆಯ 256 ಎಂಬಿಯಲ್ಲಿ ನೆಟ್‌ವರ್ಕ್, ಯುಎಸ್‌ಬಿ, ಧ್ವನಿ, ಇಂಟರಪ್ಟ್ ನಿಯಂತ್ರಕ, ತುತ್ತತುದಿಯಲ್ಲಿ ಯಂತ್ರವನ್ನು ಚಾಲೂ ಮಾಡುವ ಬಯೋಸ್ ತಂತ್ರಾಂಶದ ಚಿಪ್ಪು ಇವೆಲ್ಲ ಕುಳಿತಿದ್ದವು. ಮೂರನ್ನೂ ಕೂಡಿದರೆ 768 ಎಂಬಿ. 4096ರಿಂದ ಅದನ್ನು ಕಳೆದರೆ 3328 ಎಂಬಿ, ಎಂದರೆ ಮೂರೂಕಾಲು ಜಿಬಿ. ಕಳೆದುಹೋಯಿತೆಂದುಕೊಂಡಿದ್ದ ಮುಕ್ಕಾಲು ಜಿಬಿಯ ಲೆಕ್ಕ ಕಣ್ಣೆದುರಿಗೇ ಚುಕ್ತಾ ಆದಾಗ ಆದ ಸಂತೋಷ ಇನ್ನೂ ನೆನಪಿದೆ.

ಇದನ್ನು ಮಾಲೀಕರಿಗೆ ವಿವರಿಸಬೇಕಿತ್ತು, ಮತ್ತು ಅದಕ್ಕೆ ಅವರ ಬಿಲ್ಲಿಂಗ್ ತಂತ್ರಾಂಶವೇ ಒದಗಿಬಂತು. ಆ ಹೋಟೆಲಿನಲ್ಲಿ ಒಂದೇ ಟೇಬಲ್ಲಿಗೆ ಪರಿಚಯವಿಲ್ಲದ ನಾಲ್ವರು ಬಂದು ಕುಳಿತುಕೊಳ್ಳುತ್ತಾರೆ, ಆದ್ದರಿಂದ ಬಿಲ್ಲು ಟೇಬಲ್ಲಿಗಲ್ಲ, ಕುರ್ಚಿಗೆ. ತಂತ್ರಾಂಶದಲ್ಲಿ ಕುರ್ಚಿಯ ನಂಬರಿಗೆ ಎರಡೇ ಅಂಕೆಗಳ ಜಾಗ, ಅಂದರೆ 00ರಿಂದ 99ರ ತನಕ ನೂರು ನಂಬರುಗಳು. 25 ಟೇಬಲ್ಲಿನ ನೂರು ಕುರ್ಚಿಗಳಿಗೆ ಅದು ಸರಿಹೋಗಬೇಕಿತ್ತು. ಆದರೆ ಪಾರ್ಸೆಲ್ ಕೌಂಟರಿಗೂ ಫೋನ್ ಆರ್ಡರುಗಳಿಗೂ ನಂಬರು ಬೇಕಾಗಿ, ಮೇಲಿನ 20 ನಂಬರುಗಳನ್ನು ಅವುಗಳಿಗೆ ಕೊಟ್ಟಿದ್ದರು. ಹೀಗಾಗಿ ಮಹಡಿಯ ಐದು ಟೇಬಲ್ಲುಗಳಿಗೆ ನಂಬರೇ ಉಳಿದಿರಲಿಲ್ಲ. ಕುರ್ಚಿಗಳು ಇವೆ, ಗಟ್ಟಿಯಾಗಿಯೂ ಇವೆ, ಆದರೆ ಅಲ್ಲಿ ಕುಳಿತವರ ಆರ್ಡರನ್ನು ಬರೆಯಲು ಬರುವುದಿಲ್ಲ. 32 ಬಿಟ್ ವ್ಯವಸ್ಥೆಯ ಸ್ಥಿತಿಯೂ ಇದೇ. ಅದರಲ್ಲಿ ಇರುವುದು ಒಟ್ಟು 4,29,49,67,296 ವಿಳಾಸಗಳು, ಅಂದರೆ 4 ಜಿಬಿಗೆ ಸಾಕಾಗುವಷ್ಟು. ಆದರೆ ಈ ವಿಳಾಸಗಳು ರ‍್ಯಾಮಿಗೆ ಮಾತ್ರ ಮೀಸಲಲ್ಲ. ಪ್ರೊಸೆಸರು ಗ್ರಾಫಿಕ್ಸ್ ಕಾರ್ಡಿನೊಡನೆ, ನೆಟ್‌ವರ್ಕ್ ಕಾರ್ಡಿನೊಡನೆ ಮಾತನಾಡುವುದೂ ಇವೇ ವಿಳಾಸಗಳ ಮೂಲಕ. ಸಾಧನಗಳು ಮೇಲಿನ ತುದಿಯಿಂದ ತಮ್ಮ ಪಾಲನ್ನು ಹಿಡಿದುಕೊಂಡ ಮೇಲೆ ಅಷ್ಟು ರ‍್ಯಾಮು ವಿಳಾಸವಿಲ್ಲದೆ ಉಳಿದುಬಿಡುತ್ತದೆ. 512 ಎಂಬಿಯ ಯಂತ್ರಗಳ ಕಾಲದಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಆಗ ಖಾಲಿ ನಂಬರುಗಳು ಧಾರಾಳವಾಗಿದ್ದವು.

ಮಾಲೀಕರ ಮುಂದಿನ ಪ್ರಶ್ನೆ ಬಹಳ ಚೆನ್ನಾಗಿತ್ತು: ಹಾಗಾದರೆ ಮೂರಂಕಿಯ ನಂಬರು ಮಾಡಿದರಾಯಿತಲ್ಲ? ವಾಸ್ತವದಲ್ಲಿ ಹಾಗೆ ಮಾಡಿಯೂ ಇದ್ದಾರೆ. 1995ರ ಪೆಂಟಿಯಂ ಪ್ರೊ ಪ್ರೊಸೆಸರಿನೊಂದಿಗೆ ಬಂದ ಪಿಎಇ ಎಂಬ ಏರ್ಪಾಡು ಭೌತಿಕ ವಿಳಾಸವನ್ನು 36 ಬಿಟ್ಟಿಗೆ ಹಿಗ್ಗಿಸಿ 64 ಜಿಬಿಯ ತನಕ ದಾರಿ ತೆರೆಯಿತು. ಕೆಲವು 32 ಬಿಟ್ ಸರ್ವರ್ ವಿಂಡೋಸುಗಳೂ 32 ಬಿಟ್ ಲಿನಕ್ಸೂ (ವಿಂಡೋಸಿನಂತೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಅದನ್ನು ಬಳಸಿಕೊಂಡು 4 ಜಿಬಿಯನ್ನು ದಾಟುತ್ತಿದ್ದವು. ಮನೆಬಳಕೆಯ 32 ಬಿಟ್ ವಿಂಡೋಸು ಮಾತ್ರ, ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನಿಂದ ಮುಂದೆ, 4 ಜಿಬಿಯ ಮೇಲಿನ ಭೌತಿಕ ವಿಳಾಸಗಳನ್ನು ಬೇಕೆಂದೇ ಬಿಟ್ಟುಬಿಡುತ್ತದೆ. ಸಾಮಾನ್ಯ ಸಾಧನಗಳ ಅನೇಕ ಡ್ರೈವರುಗಳು (ಸಾಧನವನ್ನು ನಡೆಸುವ ಚಿಕ್ಕ ತಂತ್ರಾಂಶಗಳು) ದೊಡ್ಡ ವಿಳಾಸವನ್ನು ಕತ್ತರಿಸಿ 32 ಬಿಟ್ಟನ್ನಷ್ಟೇ ಇಟ್ಟುಕೊಳ್ಳುತ್ತಿದ್ದುದು ಅದಕ್ಕೆ ಕಾರಣ. ಅಡುಗೆಮನೆಯ ಪ್ರಿಂಟರಿಗೆ ಎರಡೇ ಅಂಕೆ ಮುದ್ರಿಸಲು ಬರುತ್ತದೆ ಎಂದುಕೊಳ್ಳಿ, 103ನೆಯ ಕುರ್ಚಿಯ ಮಸಾಲೆ ದೋಸೆ 03ನೆಯ ಕುರ್ಚಿಗೆ ಹೋಗುತ್ತದೆ ಎಂದೆ. ಕಂಪ್ಯೂಟರಿನಲ್ಲಿ ಹಾಗಾದರೆ ಬೇರೆ ಯಾವುದೋ ಪ್ರೋಗ್ರಾಮಿನ ಮೆಮೊರಿಯ ಮೇಲೆ ಬರಹ ಬಿದ್ದು ಯಂತ್ರ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮುಕ್ಕಾಲು ಜಿಬಿಯನ್ನು ಬಿಟ್ಟುಕೊಟ್ಟು ಸ್ಥಿರತೆಯನ್ನು ಉಳಿಸಿಕೊಂಡದ್ದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಆ ಯಂತ್ರಕ್ಕೆ 64 ಬಿಟ್ ವಿಂಡೋಸ್ ಹಾಕಲು ಸಾಧ್ಯವಿರಲಿಲ್ಲ. ಅಡುಗೆಮನೆಗೆ ಆರ್ಡರ್ ಚೀಟಿ ಕಳಿಸುವ ಹಳೆಯ ಪ್ರಿಂಟರಿಗೆ 64 ಬಿಟ್ ಡ್ರೈವರು ಸಿಗುತ್ತಿರಲಿಲ್ಲ, ಬಿಲ್ಲಿಂಗ್ ತಂತ್ರಾಂಶದ ಒಂದು ಭಾಗವಂತೂ 16 ಬಿಟ್ ಕಾಲದ್ದು, 64 ಬಿಟ್ ವಿಂಡೋಸಿನಲ್ಲಿ ಅದು ಓಡುವುದೇ ಇಲ್ಲ. ಬಿಲ್ಲಿಂಗಿಗೆ ಮೂರೂಕಾಲು ಜಿಬಿ ಬೇಕಾದಷ್ಟಾಯಿತು ಎಂದು ಹೇಳಿ ಹಾಗೆಯೇ ಬಿಟ್ಟೆ.

ಈ ಪ್ರಸಂಗದಿಂದ 64 ಬಿಟ್ ವ್ಯವಸ್ಥೆಯೇ ಇದಕ್ಕೆ ಮದ್ದು ಎಂದು ತೀರ್ಮಾನಿಸಿಕೊಂಡಿದ್ದೆ. ಅದು ಅರ್ಧ ಸತ್ಯವೆಂದು ತಿಳಿದದ್ದು ಎರಡು ವರ್ಷಗಳ ಬಳಿಕ. ನಮ್ಮ ಭಾಗದ ಕನ್ನಡ ಸಂಘವೊಂದರಲ್ಲಿ ಸಂಜೆ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳಲು ಯಾರೋ ದಾನ ಕೊಟ್ಟ ಆರು ಹಳೆಯ ಯಂತ್ರಗಳಿದ್ದವು. ಪ್ರತಿಯೊಂದರಲ್ಲಿಯೂ 1 ಜಿಬಿಯ ಎರಡು ಸ್ಟಿಕ್ಕುಗಳು. ಪ್ರೊಸೆಸರು 64 ಬಿಟ್ಟಿನದೆಂದು ಪರೀಕ್ಷಿಸಿಕೊಂಡು, ಸಂಘದ ಹಣದಿಂದ 2 ಜಿಬಿಯ ಹನ್ನೆರಡು ಸ್ಟಿಕ್ಕುಗಳನ್ನು ಕೊಂಡು, 64 ಬಿಟ್ಟಿನ ಉಬುಂಟು ಎಂಬ ಲಿನಕ್ಸ್ ಹಾಕಿದೆ. ಆದರೂ ಆರಕ್ಕೆ ಆರು ಯಂತ್ರಗಳು ಸುಮಾರು 3.2 ಜಿಬಿಯನ್ನೇ ತೋರಿಸಿದವು. ಬಯೋಸಿನಲ್ಲಿ ಮೆಮೊರಿಗೆ ಬೇರೆ ವಿಳಾಸ ಕೊಡುವ ಮೆಮೊರಿ ರೀಮ್ಯಾಪ್ ಎಂಬ ಆಯ್ಕೆಯನ್ನು ಹುಡುಕಿದೆ, ಇರಲಿಲ್ಲ. ಕೊನೆಗೆ ಲಿನಕ್ಸ್ ಚಾಲೂ ಆಗುವಾಗ ಬರೆದಿಡುವ ದಾಖಲೆಯನ್ನು ಓದಿದೆ. ಅದರ ಆರಂಭದಲ್ಲಿಯೇ ಬಯೋಸು ಕೊಟ್ಟ ಮೆಮೊರಿಯ ನಕ್ಷೆ ಇರುತ್ತದೆ, ಪ್ರತಿ ಸಾಲಿನ ಕೊನೆಗೆ ಅದು ಬಳಕೆಗೆ ಯೋಗ್ಯವೋ ಮೀಸಲೋ ಎಂದು ಬರೆದಿರುತ್ತದೆ. ನನ್ನ ಮನೆಯ ಯಂತ್ರದಲ್ಲಿ ಒಂದು ಮತ್ತು ಎಂಟು ಸೊನ್ನೆಗಳ ವಿಳಾಸದಿಂದ, ಎಂದರೆ 4 ಜಿಬಿಯ ಗಡಿಯಾಚೆಯಿಂದ, ಶುರುವಾಗುವ ಬಳಕೆಯೋಗ್ಯ ಸಾಲೊಂದಿದೆ. ಸಾಧನಗಳ ಜಾಗದಡಿಯಲ್ಲಿ ಸಿಕ್ಕಿಕೊಂಡ ರ‍್ಯಾಮಿಗೆ ಚಿಪ್‌ಸೆಟ್ಟು (ಪ್ರೊಸೆಸರು, ಮೆಮೊರಿ, ಸಾಧನಗಳನ್ನು ಬೆಸೆಯುವ ಚಿಪ್ಪು) ಗಡಿಯಾಚೆ ಹೊಸ ವಿಳಾಸ ಕೊಟ್ಟಿದೆ ಎಂದು ಇದರ ಅರ್ಥ. ಸಂಘದ ಯಂತ್ರಗಳ ನಕ್ಷೆಯಲ್ಲಿ ಆ ಸಾಲೇ ಇರಲಿಲ್ಲ.

ಮದರ್‌ಬೋರ್ಡಿನ ಚಿಪ್‌ಸೆಟ್ಟನ್ನು ನೋಡಿದೆ. 2005ರಲ್ಲಿ ಬಂದ ಇಂಟೆಲ್ 945. ಅದು 4 ಜಿಬಿಯ ಆಚೆಗೆ ವಿಳಾಸ ಕೊಡಲಾರದು, ರೀಮ್ಯಾಪ್ ಮಾಡಲೂ ಆರದು. ಅದರ ಮುಂದಿನ 965ರಲ್ಲಿ ಈ ತೊಡಕಿಲ್ಲ, ಅದು 8 ಜಿಬಿಯ ತನಕ ಹೋಗುತ್ತದೆ. ಪ್ರೊಸೆಸರು ಮತ್ತು ಆಪರೇಟಿಂಗ್ ಸಿಸ್ಟಂ ಎರಡೂ 64 ಬಿಟ್ ಇದ್ದರೂ ನಡುವಿನ ಚಿಪ್‌ಸೆಟ್ಟು ಒಪ್ಪದಿದ್ದರೆ ರ‍್ಯಾಮು ಕಾಣದು. ಬೇರೆಯವರ ಹಣ, ಅದೂ ಮಕ್ಕಳ ಪಾಠಕ್ಕೆ ಎತ್ತಿದ ಹಣ, ಆದ್ದರಿಂದ ನನಗೆ ನಿದ್ದೆ ಬರಲಿಲ್ಲ. ಕೂತು ಲೆಕ್ಕ ಹಾಕಿದೆ: ಪ್ರತಿ ಯಂತ್ರಕ್ಕೆ ಒಂದು 2 ಜಿಬಿ, ಜೊತೆಗೆ ಅದರಲ್ಲಿ ಮೊದಲೇ ಇದ್ದ ಒಂದು 1 ಜಿಬಿ ಹಾಕಿದರೆ 3 ಜಿಬಿ ಆಗುತ್ತದೆ, ಅದು ಸಾಧನಗಳ ವಿಳಾಸಗಳಿಗಿಂತ ಕೆಳಗೇ ಉಳಿಯುವುದರಿಂದ ಅವು ಅದರ ಮೇಲೆ ಕೂರುವುದಿಲ್ಲ. 4 ಜಿಬಿ ಹಾಕಿದಾಗ ಸಿಗುತ್ತಿದ್ದುದಕ್ಕಿಂತ ಬರೀ ಕಾಲು ಜಿಬಿಯಷ್ಟು ಕಡಿಮೆ. ಉಳಿದ ಆರು ಹೊಸ ಸ್ಟಿಕ್ಕುಗಳನ್ನು ಲ್ಯಾಮಿಂಗ್ಟನ್ ರೋಡಿನ ಅದೇ ಅಂಗಡಿಯವರು ವಾಪಸು ತೆಗೆದುಕೊಂಡರು, ಹಣ ಸಂಘದ ಖಜಾಂಚಿಯವರ ಕೈಸೇರಿತು.

ಅಂದಿನಿಂದ ನಾನು ಅನುಸರಿಸುವ ಕ್ರಮ ಇದು. ಮೊದಲು ಬಯೋಸಿನಲ್ಲಿ ಎಷ್ಟು ಕಾಣುತ್ತದೆ ಎಂದು ನೋಡುತ್ತೇನೆ. ಅಲ್ಲಿಯೇ ಕಡಿಮೆ ಇದ್ದರೆ ಆಪರೇಟಿಂಗ್ ಸಿಸ್ಟಂ ಕೆದಕಿ ಪ್ರಯೋಜನವಿಲ್ಲ. ಸ್ಟಿಕ್ಕು, ಸ್ಲಾಟು, ಬೋರ್ಡು ಇವುಗಳಲ್ಲಿ ಕಾರಣ ಹುಡುಕಬೇಕು. ಮುಂಬಯಿಯ ಮಳೆಗಾಲದ ಉಪ್ಪುಗಾಳಿಗೆ ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚು ಮಬ್ಬಾಗಿ 16 ಜಿಬಿಯ ಯಂತ್ರ 8 ತೋರಿಸುವುದು ಪ್ರತಿ ವರ್ಷ ನಾಲ್ಕೈದು ಕಡೆ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲು ತಾಗಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಎರಡೂ ಕಡೆಯ ಕೊಂಡಿ ಟಕ್ ಎನ್ನುವಂತೆ ಒತ್ತಿ ಕೂರಿಸಿದರೆ ಹೆಚ್ಚಿನವು ಸರಿಹೋಗುತ್ತವೆ. ಹಾಗೆಯೂ ಆಗದಿದ್ದರೆ ಪ್ರೊಸೆಸರಿನ ಸಾಕೆಟ್ಟನ್ನು ನೋಡುತ್ತೇನೆ, ಬಾಗಿದ ಒಂದು ಪಿನ್ನು ಇಡೀ ಮೆಮೊರಿ ಚಾನೆಲನ್ನು, ಎಂದರೆ ಪ್ರೊಸೆಸರಿನಿಂದ ಮೆಮೊರಿಗೆ ಹೋಗುವ ಒಂದು ದಾರಿಯನ್ನೇ, ಮರೆಮಾಡಬಲ್ಲದು.

ಬಯೋಸಿನಲ್ಲಿ ಪೂರ್ತಿ ಕಂಡು ವಿಂಡೋಸಿನಲ್ಲಿ ಕಡಿಮೆಯಿದ್ದರೆ ಸಾಮಾನ್ಯವಾಗಿ ಮೂರು ಕಾರಣ. ಒಂದು, ಆವೃತ್ತಿಯ ಮಿತಿ: ವಿಂಡೋಸ್ 7 ಹೋಂ ಬೇಸಿಕ್ 64 ಬಿಟ್ಟಿನದಾದರೂ 8 ಜಿಬಿಗೆ ನಿಲ್ಲುತ್ತದೆ, ಹೋಂ ಪ್ರೀಮಿಯಂ 16ಕ್ಕೆ. ಇನ್ನೊಂದು, ಠಾಣೆ ನಗರದ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಸಿಕ್ಕಿದ್ದು. 8 ಜಿಬಿಯಲ್ಲಿ 4 ಜಿಬಿ ಹಾರ್ಡ್‌ವೇರಿಗೆ ಮೀಸಲು ಎಂದು ಬರುತ್ತಿತ್ತು. ವಿಂಡೋಸಿನ ಸೆಟ್ಟಿಂಗುಗಳನ್ನು ಬದಲಿಸುವ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ವಿಭಾಗದ ಹೆಚ್ಚುವರಿ ಆಯ್ಕೆಗಳಿಗೆ ಹೋದರೆ, ಗರಿಷ್ಠ ಮೆಮೊರಿ ಎಂಬಲ್ಲಿ ಯಾರೋ ಗುರುತು ಹಾಕಿ 4096 ಎಂದು ತುಂಬಿದ್ದರು. ಯಂತ್ರ ಬೇಗ ಓಡುತ್ತದೆಂದು ನಂಬಿ ಹಾಗೆ ಮಾಡಿದ್ದರಂತೆ. ಆ ಚೌಕ ಮಿತಿ ಹಾಕುವುದಕ್ಕೆ ಇರುವುದೇ ಹೊರತು ವೇಗಕ್ಕಲ್ಲ. ಗುರುತು ತೆಗೆದು ರೀಸ್ಟಾರ್ಟ್ ಮಾಡಿದ ಕೂಡಲೇ ಸರಿಹೋಯಿತು.

ಮೂರನೆಯದು ಈಗ ಹೆಚ್ಚಾಗಿ ಕಾಣುವುದು. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವ ಯಂತ್ರಗಳು ಅದರ ಬಳಕೆಗೆ ರ‍್ಯಾಮಿನಿಂದಲೇ ಪಾಲು ತೆಗೆದಿಡುತ್ತವೆ. ನನ್ನ ಅಕ್ಕನ ಮಗಳ ಎಎಂಡಿ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಇದ್ದು 5.9 ಮಾತ್ರ ಕಾಣುತ್ತಿತ್ತು, 2 ಜಿಬಿ ಗ್ರಾಫಿಕ್ಸಿಗೆ ಹೋಗಿತ್ತು. ಬಯೋಸಿನಲ್ಲಿ ಅದನ್ನು 512 ಎಂಬಿಗೆ ಇಳಿಸಲು ಆಯ್ಕೆ ಇತ್ತು, ಆದರೆ ಅವಳು ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದಳು. “ಮಾಮಾ, ಅದು ಇದ್ದ ಹಾಗೇ ಇರಲಿ” ಎಂದಳು, ನನಗೂ ಅದೇ ಸರಿ ಕಂಡಿತು.

ಮಾಟುಂಗಾದ ಹೋಟೆಲಿನವರು ಕೆಲವು ವರ್ಷಗಳ ಬಳಿಕ ಅಡುಗೆಮನೆಯ ಪ್ರಿಂಟರನ್ನು ಬದಲಾಯಿಸಿ, ಹೊಸ ತಂತ್ರಾಂಶದೊಂದಿಗೆ 8 ಜಿಬಿಯ ಹೊಸ ಯಂತ್ರವನ್ನು ತರಿಸಿದರು. ಕುರ್ಚಿಗಳಿಗೆ ಮೂರಂಕಿಯ ನಂಬರು ಬಂತು, ಮಹಡಿಯ ಐದು ಟೇಬಲ್ಲುಗಳಿಗೂ ಬಿಲ್ಲು ಆಗತೊಡಗಿತು. ನಾನು ಜೋಡಿಸಿ ಮುಗಿಸುವ ಮೊದಲೇ ಮಾಲೀಕರು ತಾವೇ ಸಿಸ್ಟಂ ಪುಟವನ್ನು ತೆರೆಸಿ, ಕನ್ನಡಕ ಏರಿಸಿಕೊಂಡು ಓದಿದರು: 8.00 ಜಿಬಿ, ಬಳಕೆಗೆ 7.89. ಒಂದು ಕ್ಷಣ ಸುಮ್ಮನಿದ್ದು, “ಉಳಿದದ್ದು ಪಾರ್ಸೆಲ್ ಕೌಂಟರಿಗೆ ಹೋಯ್ತಲ್ವಾ?” ಎಂದರು. ಹೌದು, ಗ್ರಾಫಿಕ್ಸಿಗೆ ಎಂದೆ. ತಲೆಯಾಡಿಸಿ, ನನಗೆ ಕಾಫಿ ತರಲು ಹುಡುಗನನ್ನು ಕರೆದರು.