ಪ್ರಳಯೋತ್ತರ ಗೇಮ್ ಒಂದನ್ನು ಟೆಲಿವಿಷನ್ ಸರಣಿಯಾಗಿ ಬರೆಯುವುದು ಹೇಗೆ

ಜನ ಮೆಚ್ಚಿದ ವಿಡಿಯೊ ಗೇಮ್ ಒಂದನ್ನು ಸರಣಿಯಾಗಿಸಲು ಕುಳಿತ ಚಿತ್ರಕಥೆಗಾರರಿಗೆ ಮೇಲುನೋಟಕ್ಕೆ ಎಲ್ಲವೂ ಸಿದ್ಧವಾಗಿಯೇ ಸಿಗುತ್ತದೆ. ಕಥೆಯಿದೆ, ಪಾತ್ರಗಳಿವೆ, ಸಂಭಾಷಣೆಯಿದೆ, ಪಾಳುಬಿದ್ದ ನಗರಗಳ ವಿನ್ಯಾಸವಿದೆ, ಹಿನ್ನೆಲೆ ಸಂಗೀತವೂ ಇದೆ. ಕಂಟ್ರೋಲರ್ ಹಿಡಿದಿದ್ದ ಆಟಗಾರನ ಕೈ ಮಾತ್ರ ಇಲ್ಲ. ಪ್ರಳಯೋತ್ತರ ಜಗತ್ತಿನ ಗೇಮುಗಳಲ್ಲಿ ಈ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಅಲ್ಲಿ ಭಯ, ಗುಂಡುಗಳ ಕೊರತೆ, ಜೊತೆಗಿರುವವರನ್ನು ಉಳಿಸಿಕೊಳ್ಳುವ ಹೊಣೆ ಎಲ್ಲವೂ ಬೆರಳುಗಳ ಮೂಲಕವೇ ಮನಸ್ಸಿಗೆ ಇಳಿಯುತ್ತವೆ. ಆ ಕೈ ಮಾಡುತ್ತಿದ್ದ ಕೆಲಸ ಯಾವುದೆಂದು ಗುರುತಿಸಿ, ಅದೇ ಪರಿಣಾಮವನ್ನು ಕಣ್ಣು ಕಿವಿಗಳ ಮೂಲಕ ಉಂಟುಮಾಡುವ ಬೇರೊಂದು ದಾರಿಯನ್ನು ಕಂಡುಕೊಳ್ಳುವುದೇ ರೂಪಾಂತರದ ಬಹುಪಾಲು ಕೆಲಸ. ಇದನ್ನು ಕಲಿಯಲು 'ದಿ ಲಾಸ್ಟ್ ಆಫ್ ಅಸ್' ಒಳ್ಳೆಯ ಪಠ್ಯ. ನಾಟಿ ಡಾಗ್ ಸಂಸ್ಥೆ 2013ರಲ್ಲಿ ಪ್ಲೇಸ್ಟೇಷನ್ 3ಕ್ಕಾಗಿ ಹೊರತಂದ ಈ ಗೇಮನ್ನು ಅದರ ಲೇಖಕ ನೀಲ್ ಡ್ರಕ್‌ಮನ್ ಮತ್ತು 'ಚೆರ್ನೋಬಿಲ್' ಸರಣಿಯ ಕ್ರೇಗ್ ಮೇಜಿನ್ ಸೇರಿ ಎಚ್‌ಬಿಒ ವಾಹಿನಿಗಾಗಿ ಒಂಬತ್ತು ಕಂತುಗಳ ಸರಣಿಯಾಗಿಸಿದರು. ಅದರ ಪ್ರಸಾರ 2023ರ ಜನವರಿಯಲ್ಲಿ ಆರಂಭವಾಯಿತು. ಶಿಲೀಂಧ್ರದ ಸೋಂಕು ಜನರನ್ನು ಕ್ರೂರ ಸೋಂಕಿತರನ್ನಾಗಿಸಿ ಜಗತ್ತನ್ನು ಹಾಳುಗೆಡವಿದ ಮೇಲೆ, ಜೋಲ್ ಎಂಬವನು ಆ ಸೋಂಕು ತಟ್ಟದ ಎಲ್ಲಿ ಎಂಬ ಹುಡುಗಿಯನ್ನು ದೂರದ ಊರಿಗೆ ಕರೆದೊಯ್ಯುವ ಕಥೆ ಅದು. ಮುಂದಿನ ಮಾತುಗಳಲ್ಲಿ ಕಥೆಯ ಗುಟ್ಟುಗಳೂ ಬರುತ್ತವೆ. ಗೇಮನ್ನಾಗಲಿ ಸರಣಿಯನ್ನಾಗಲಿ ಇನ್ನೂ ಮುಟ್ಟದವರು ಅದನ್ನು ಮುಗಿಸಿಕೊಂಡು ಬರುವುದು ಒಳಿತು.

ಬರೆಯುವುದಕ್ಕೆ ಮೊದಲು ಹಕ್ಕಿನ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರವೂ ರೂಪಾಂತರದ ಹಕ್ಕು ಮೂಲ ಕೃತಿಯ ಒಡೆಯರದ್ದೇ. ಹಕ್ಕಿಲ್ಲದವರು ಅಭ್ಯಾಸಕ್ಕೆಂದು ಒಂದು ಕಂತನ್ನು ಬರೆದು ಗೆಳೆಯರಿಗೆ ಓದಿಸಿ ಕಲಿಯಬಹುದು. ಅದನ್ನು ನಿರ್ಮಾಪಕರ ಬಳಿ ಮಾರಲು ಒಯ್ಯುವುದು ಬೇರೆಯೇ ಮಾತು.

ಆನಂತರದ ಮೊದಲ ತೀರ್ಮಾನವೆಂದರೆ ಗೇಮಿನ ಕಥೆಯನ್ನೇ ಹೇಳಬೇಕೇ, ಅಥವಾ ಅದರ ಜಗತ್ತನ್ನಷ್ಟೇ ಪಡೆದು ಹೊಸ ಕಥೆ ಹೇಳಬೇಕೇ ಎಂಬುದು. ಗೇಮಿನ ನಾಯಕನಿಗೆ ಸ್ವಂತ ಮುಖ, ಸ್ವಂತ ಸ್ವಭಾವ, ಒಂದೇ ಅಂತ್ಯ ಇದ್ದರೆ ಮೊದಲನೆಯ ದಾರಿ ತೆರೆದಿರುತ್ತದೆ. 'ದಿ ಲಾಸ್ಟ್ ಆಫ್ ಅಸ್' ಗೇಮಿನ ಜೋಲ್ ಅಂಥವನು. 1997ರಿಂದ ಬಂದ 'ಫಾಲ್ಔಟ್' ಗೇಮುಗಳಲ್ಲಾದರೋ ನಾಯಕನನ್ನು ಬಹುಮಟ್ಟಿಗೆ ಆಟಗಾರನೇ ರೂಪಿಸುತ್ತಾನೆ, ಯಾವ ಬಣಕ್ಕೆ ಸೇರಬೇಕು, ಯಾರನ್ನು ಉಳಿಸಬೇಕು ಎಂಬುದನ್ನೂ ತಾನೇ ನಿರ್ಧರಿಸುತ್ತಾನೆ. ಆ ಕಥೆಗಳಲ್ಲೊಂದನ್ನು ತೆರೆಗೆ ತಂದಿದ್ದರೆ ಲಕ್ಷಾಂತರ ಜನ ಆಡಿದ ಆಟ ತಪ್ಪೆಂದು ಸಾರಿದಂತಾಗುತ್ತಿತ್ತು. ಆದ್ದರಿಂದ 2024ರ ಏಪ್ರಿಲ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಎಂಟು ಕಂತುಗಳ ಸರಣಿ ತನ್ನ ಕಥೆಯನ್ನು 2296ನೆಯ ಇಸವಿಗೆ, ಅಂದರೆ ಅದುವರೆಗಿನ ಎಲ್ಲ ಗೇಮುಗಳ ಕಾಲದಿಂದಾಚೆಗೆ ಇರಿಸಿಕೊಂಡಿತು. ಅದರ ಮೂವರು ಮುಖ್ಯ ಪಾತ್ರಗಳಲ್ಲಿ ಮೂರು ಬಗೆಯ ಆಟಗಾರರನ್ನೇ ಕಾಣಬಹುದು: ಎಲ್ಲರಿಗೂ ಒಳಿತು ಮಾಡಲು ಹೊರಡುವ ಲೂಸಿ, ಬಲಿಷ್ಠ ಬಣದ ಆಸರೆ ಹುಡುಕುವ ಮ್ಯಾಕ್ಸಿಮಸ್, ಎದುರಾದವರನ್ನೆಲ್ಲ ಕೊಂದು ಮುಂದೆ ಸಾಗುವ ಘೂಲ್. ಕೈಗೆ ಇದ್ದ ಆಯ್ಕೆಯನ್ನು ಮೂರು ದೇಹಗಳಿಗೆ ಹಂಚಿದ್ದು ಜಾಣತನ.

ಮೂಲ ಕಥೆಯನ್ನೇ ಹೇಳುವುದಾದರೆ ಗೇಮನ್ನು ಒಮ್ಮೆ ಸುಮ್ಮನೆ ಆಡಿ ಮುಗಿಸಿ, ಆಮೇಲೆ ಟಿಪ್ಪಣಿ ಪುಸ್ತಕ ಇಟ್ಟುಕೊಂಡು ಮತ್ತೆ ಆಡಬೇಕು. ಕಟ್‌ಸೀನ್‌ಗಳಲ್ಲಿ, ಅಂದರೆ ಆಟ ನಿಂತು ಸಿನಿಮಾದಂತೆ ಸಾಗುವ ದೃಶ್ಯಗಳಲ್ಲಿ, ಏನಾಯಿತು ಎಂಬುದನ್ನು ಬರೆದುಕೊಳ್ಳುವುದು ಸುಲಭ, ಅದರಿಂದ ಆಗುವ ಉಪಯೋಗ ಕಡಿಮೆ. ಎರಡು ಕಟ್‌ಸೀನ್‌ಗಳ ನಡುವೆ ಕೈ ಏನು ಮಾಡುತ್ತಿತ್ತು, ಆಗ ಮನಸ್ಸಿಗೆ ಏನಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಗೇಮಿನ ಆರಂಭವನ್ನೇ ನೋಡಿ. ಆಟಗಾರ ಮೊದಲು ಜೋಲ್‌ನ ಮಗಳು ಸಾರಾ ಆಗಿ ರಾತ್ರಿ ಮನೆಯೊಳಗೆ ಅಪ್ಪನನ್ನು ಹುಡುಕುತ್ತಾ ನಡೆಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅವನೇ ಜೋಲ್ ಆಗಿ, ಅದೇ ಮಗಳನ್ನು ಎತ್ತಿಕೊಂಡು ಓಡುತ್ತಾನೆ. ಅವಳು ಸಾಯುವಾಗ ಆಗುವ ನೋವಿಗೆ ಈ ಎರಡು ಅನುಭವಗಳೇ ಬುನಾದಿ. ಟೆಲಿವಿಷನ್‌ನಲ್ಲಿ ಆ ಬುನಾದಿ ಸಿಗದು. ಸರಣಿಯವರು ಕೈಯ ಬದಲಿಗೆ ಕಾಲವನ್ನು ಖರ್ಚು ಮಾಡಿದರು: ಮೊದಲ ಕಂತಿನ ದೊಡ್ಡ ಪಾಲು ಸಾರಾಳ ಒಂದು ಸಾಮಾನ್ಯ ದಿನಕ್ಕೆ ಮೀಸಲಾಯಿತು. ಬೆಳಗಿನ ತಿಂಡಿ, ಅಪ್ಪನ ಕೈಗಡಿಯಾರದ ರಿಪೇರಿ, ಪಕ್ಕದ ಮನೆಯ ವೃದ್ಧರ ಜೊತೆ ಕಳೆದ ಮಧ್ಯಾಹ್ನ. ಆ ಮಧ್ಯಾಹ್ನದ ದೃಶ್ಯದಲ್ಲಿ ಸಾರಾ ಡಿವಿಡಿಗಳನ್ನು ನೋಡುತ್ತಾ ನಿಂತಿರುವಾಗ, ಅವಳ ಬೆನ್ನ ಹಿಂದೆ, ಮಸುಕಾದ ಹಿನ್ನೆಲೆಯಲ್ಲಿ, ಗಾಲಿಕುರ್ಚಿಯ ಮುದುಕಿಯ ದೇಹ ಸೆಟೆದುಕೊಳ್ಳುತ್ತದೆ. ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕರಿಗೆ ತಿಳಿದಿದೆ. ಪಾತ್ರದ ಜೊತೆಯಲ್ಲೇ ಸಾಗುವ ಆ ಗೇಮಿಗೆ ಈ ಸೌಲಭ್ಯ ಅಪರೂಪ. ಕೈ ಕಳೆದುಕೊಂಡ ಮಾಧ್ಯಮಕ್ಕೆ ಅದು ದೊರೆತಿದೆ, ಧಾರಾಳವಾಗಿ ಬಳಸಬಹುದು.

ಹಿಂಸೆಯ ಪ್ರಮಾಣವನ್ನು ಹೊಸದಾಗಿಯೇ ಲೆಕ್ಕ ಹಾಕಬೇಕಾಗುತ್ತದೆ. ಗೇಮಿನಲ್ಲಿ ಹೊಡೆದಾಟ ಎಂಬುದು ಆಟಗಾರನ ದಿನಚರಿ. ಎದುರಾಳಿಯ ಸಾವು ಒಂದು ಸಮಸ್ಯೆಯ ಪರಿಹಾರ. ತೆರೆಯ ಮೇಲೆ ಸುಮ್ಮನೆ ಕುಳಿತು ನೋಡುವವರಿಗೆ ಮೂರನೆಯ ಹೊಡೆದಾಟವೇ ಬೇಸರ ತರಿಸುತ್ತದೆ, ನಾಯಕ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬಿಚ್ಚಿ ಬ್ಯಾಂಡೇಜ್ ಸುತ್ತಿಕೊಂಡು ಮರುಕ್ಷಣವೇ ಎದ್ದು ಓಡಿದರೆ ನಂಬಿಕೆಯೂ ಹೋಗುತ್ತದೆ. ಸರಣಿಯ ಜೋಲ್‌ನ ಬಲಗಿವಿ ಸರಿಯಾಗಿ ಕೇಳಿಸದು, ಅವನಿಗೆ ಇದ್ದಕ್ಕಿದ್ದಂತೆ ಎದೆ ಬಿಗಿಹಿಡಿದು ಉಸಿರು ಕಟ್ಟುತ್ತದೆ. ಗುಂಡುಗಳ ಲೆಕ್ಕವಿಟ್ಟು ಆಡುವವನಿಗಿದ್ದ ಆತಂಕವನ್ನು ಈ ದೇಹದ ಸೋಲುಗಳು ನೋಡುವವರಿಗೆ ತಲುಪಿಸುತ್ತವೆ. ಆದರೆ ಕಡಿತ ಮಾಡುವಾಗ ಒಂದು ಎಚ್ಚರ ಬೇಕು. ಮೊದಲ ಋತುವಿನ (ಸೀಸನ್‌ನ) ಉತ್ತರಾರ್ಧದಲ್ಲಿ ಸೋಂಕಿತರು ಹೆಚ್ಚುಕಡಿಮೆ ಕಣ್ಮರೆಯೇ ಆದರು ಎಂಬ ಅಭಿಮಾನಿಗಳ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಎಣಿಕೆ. ಮನುಷ್ಯರೇ ಹೆಚ್ಚು ಅಪಾಯಕಾರಿ ಎಂದು ತೋರಿಸುವುದಕ್ಕಾದರೂ ಆ ಇನ್ನೊಂದು ಅಪಾಯ ಹತ್ತಿರದಲ್ಲೇ ಇದೆಯೆಂಬ ಅರಿವು ಆರದಂತೆ ನೋಡಿಕೊಳ್ಳಬೇಕು.

ಕಥೆಯ ಯಾವ ಭಾಗವನ್ನು ಎಷ್ಟು ಬದಲಿಸಬಹುದು ಎಂದು ತಿಳಿಯಲು, ಆ ಭಾಗ ಮೂಲದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಗೇಮಿನ ಬಿಲ್ ಬೋನುಗಳಿಂದ ತುಂಬಿದ ಊರಿನಲ್ಲಿ ಒಬ್ಬನೇ ಬದುಕುವ ಸಿಡುಕ. ಅವನ ಜೊತೆ ಆಟಗಾರ ಶಾಲೆ, ಸ್ಮಶಾನ, ಬೀದಿಗಳಲ್ಲಿ ಹೋರಾಡುತ್ತಾ ಕಾರಿನ ಬ್ಯಾಟರಿ ಹುಡುಕುತ್ತಾನೆ. ನಡುವೆ ಬಿಲ್‌ನ ಸಂಗಾತಿ ಫ್ರಾಂಕ್ ನೇಣು ಹಾಕಿಕೊಂಡು ಸತ್ತಿರುವುದೂ, ಅವನು ಬರೆದಿಟ್ಟ ಕಹಿಯಾದ ಚೀಟಿಯೂ ಸಿಗುತ್ತವೆ. ಈ ಭಾಗದ ಕೆಲಸಗಳು ಎರಡು. ಜೋಲ್‌ಗೂ ಹುಡುಗಿ ಎಲ್ಲಿಗೂ ವಾಹನ ಸಿಗಬೇಕು. ಯಾರನ್ನೂ ಹಚ್ಚಿಕೊಳ್ಳದೆ ಬದುಕಿದರೆ ಏನಾಗುತ್ತದೆ ಎಂಬುದರ ನಿದರ್ಶನವೊಂದು ಜೋಲ್‌ನ ಕಣ್ಣಿಗೆ ಬೀಳಬೇಕು. ಪೀಟರ್ ಹೋರ್ ನಿರ್ದೇಶಿಸಿದ ಮೂರನೆಯ ಕಂತು ಈ ಎರಡು ಕೆಲಸಗಳನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಕೈಬಿಟ್ಟಿತು. ಅಲ್ಲಿ ಫ್ರಾಂಕ್ ಬಿಲ್ ತೋಡಿಟ್ಟ ಹಳ್ಳಕ್ಕೆ ಬೀಳುವುದರಿಂದ ಆರಂಭವಾಗಿ, ಇಬ್ಬರೂ ಒಂದೇ ದಿನ ಸಾಯುವವರೆಗಿನ ದೀರ್ಘ ದಾಂಪತ್ಯವೊಂದು ಒಂದೇ ಕಂತಿನಲ್ಲಿ ಬಿಚ್ಚಿಕೊಳ್ಳುತ್ತದೆ. ಕಥೆಯ ಪ್ರಯಾಣ ಅಷ್ಟು ಹೊತ್ತು ನಿಂತೇ ಹೋಗುತ್ತದೆ. ಆದರೂ ಕೊನೆಗೆ ಜೋಲ್‌ಗೆ ಬಿಲ್‌ನ ಪತ್ರ ಸಿಗುತ್ತದೆ, ವಾಹನವೂ ಸಿಗುತ್ತದೆ. ನಿದರ್ಶನ ಮಾತ್ರ ತಿರುವುಮುರುವಾಗಿ, ಹಚ್ಚಿಕೊಂಡು ಬದುಕಿದವನ ಬಾಳು ಹೇಗಿತ್ತೆಂದು ಹೇಳುತ್ತದೆ. ಗುಂಡಿನ ಕಾಳಗ ಕೊಡುತ್ತಿದ್ದ ರೋಮಾಂಚನದ ಜಾಗದಲ್ಲಿ ಸ್ಟ್ರಾಬೆರಿ ತಿನ್ನುವ ಇಬ್ಬರು ವೃದ್ಧರನ್ನು ಕೂರಿಸಲು ಧೈರ್ಯ ಬೇಕಿತ್ತು. ಬಿಲ್ ಆಗಿ ನಟಿಸಿದ ನಿಕ್ ಆಫರ್‌ಮನ್‌ಗೆ ಅತಿಥಿ ನಟನ ಎಮ್ಮಿ ಪ್ರಶಸ್ತಿ ಬಂದಿತು.

ಪ್ರಳಯದ ನಿಯಮಗಳನ್ನು ಪರಿಶೀಲಿಸುವುದು ಈ ಪ್ರಕಾರಕ್ಕೇ ವಿಶೇಷವಾದ ಕೆಲಸ. ಗೇಮಿನಲ್ಲಿ ಕಾರ್ಡಿಸೆಪ್ಸ್ ಶಿಲೀಂಧ್ರ ಗಾಳಿಯಲ್ಲಿ ತೇಲುವ ಬೀಜಕಣಗಳಿಂದಲೂ ಹರಡುತ್ತದೆ, ಅಂಥ ಕಟ್ಟಡಗಳೊಳಗೆ ಪಾತ್ರಗಳು ಮುಖವಾಡ ತೊಡುತ್ತವೆ. ಆಡುವವನಿಗೆ ಇದು ಒಂದು ವಲಯದ ಗುರುತು, ಅಷ್ಟೇ. ತೆರೆಯ ಮೇಲಾದರೆ ನಟರ ಮುಖವೇ ಮುಚ್ಚಿಹೋಗುತ್ತದೆ. ಜೊತೆಗೆ, ಗಾಳಿಯಲ್ಲಿ ಹಾರುವ ಬೀಜಕಣ ಒಂದು ಕಟ್ಟಡದೊಳಗೇ ಏಕೆ ಉಳಿಯುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಸರಣಿಯವರು ಅದರ ಬದಲಿಗೆ ಬಾಯಿಂದ ಹೊರಚಾಚುವ ಎಳೆಗಳನ್ನೂ, ನೆಲದಡಿಯಲ್ಲಿ ಹಬ್ಬಿದ ಜಾಲವನ್ನೂ ತಂದರು. ಒಂದು ಕಡೆ ತುಳಿದರೆ ದೂರದ ಇನ್ನೊಂದು ಕಡೆ ಮಲಗಿದ್ದ ಗುಂಪು ಎಚ್ಚರಗೊಳ್ಳುತ್ತದೆ ಎಂಬ ಈ ನಿಯಮ, ಗೇಮಿನಲ್ಲಿ ಸದ್ದಾಗದಂತೆ ಹೆಜ್ಜೆಯಿಡುವಾಗ ಇದ್ದ ಬಿಗುವನ್ನು ಬೇರೆ ರೂಪದಲ್ಲಿ ಹಿಂದಿರುಗಿಸಿತು. ಎರಡನೆಯ ಋತುವಿನಲ್ಲಿ ಬೀಜಕಣಗಳೂ ಮರಳಿ ಬಂದವು, ಆದರೆ ಆಸ್ಪತ್ರೆಯೊಂದರ ತಳಮಹಡಿಯಲ್ಲಿ, ಹೊಸ ಆಘಾತವಾಗಿ. ಕಾಲವನ್ನೂ ಸರಿಸಲಾಯಿತು: ಗೇಮಿನಲ್ಲಿ 2013ರಲ್ಲಿ ನಡೆಯುವ ವಿನಾಶ ಸರಣಿಯಲ್ಲಿ 2003ಕ್ಕೆ ಹಿಂದೆ ಸರಿದು, ಇಪ್ಪತ್ತು ವರ್ಷಗಳ ನಂತರದ ಕಥೆ ಪ್ರೇಕ್ಷಕರು ನೋಡುತ್ತಿದ್ದ 2023ಕ್ಕೇ ಬಂದು ನಿಂತಿತು.

ನಿಯಮಗಳನ್ನು ವಿವರಿಸುವ ಬಗೆಯೂ ಮುಖ್ಯ. ಪಾತ್ರಗಳು ತಮಗೆ ಗೊತ್ತಿರುವುದನ್ನೇ ಪರಸ್ಪರ ಹೇಳಿಕೊಳ್ಳುವ ಸಂಭಾಷಣೆ ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಅದರ ಬದಲು ಈ ಸರಣಿ 1968ರ ಟೆಲಿವಿಷನ್ ಚರ್ಚೆಯೊಂದರಿಂದ ತೆರೆದುಕೊಂಡು, ಭೂಮಿ ಬಿಸಿಯಾದರೆ ಶಿಲೀಂಧ್ರ ಮನುಷ್ಯದೇಹಕ್ಕೆ ಒಗ್ಗಿಕೊಳ್ಳಬಹುದೆಂದು ವಿಜ್ಞಾನಿಯೊಬ್ಬನ ಬಾಯಲ್ಲಿ ಹೇಳಿಸಿತು. ಎರಡನೆಯ ಕಂತನ್ನು ಜಕಾರ್ತಾದಲ್ಲಿ ಆರಂಭಿಸಿ, ಇಂಡೊನೇಷ್ಯಾದ ಹಿರಿಯ ನಟಿ ಕ್ರಿಸ್ಟೀನ್ ಹಕೀಮ್ ಅವರ ಪಾತ್ರದ ಮುಖದ ಮೇಲೆ ಜಗತ್ತಿನ ಅಂತ್ಯವನ್ನು ತೋರಿಸಿತು. ಸೋಂಕು ಹಿಟ್ಟಿನ ಮೂಲಕ ಹರಡಿತೆಂಬ ಸುಳಿವು ಇನ್ನೂ ಸೂಕ್ಷ್ಮವಾಗಿದೆ. ಮೊದಲ ಕಂತಿನಲ್ಲಿ ಜೋಲ್‌ನ ಮನೆಯವರು ಪ್ಯಾನ್‌ಕೇಕ್, ಬಿಸ್ಕತ್ತು, ಕೇಕು ಯಾವುದನ್ನೂ ಒಂದಲ್ಲ ಒಂದು ಕಾರಣಕ್ಕೆ ತಿನ್ನುವುದಿಲ್ಲ, ಅದೇಕೆಂದು ಆಗ ಯಾರೂ ಹೇಳುವುದೂ ಇಲ್ಲ. ಆಟಗಾರ ಮೂಲೆಮೂಲೆ ತಡಕಿ ಚೀಟಿಗಳನ್ನು ಓದಿ ತಾನೇ ಜೋಡಿಸಿಕೊಳ್ಳುತ್ತಿದ್ದ ಸುಖಕ್ಕೆ ತೆರೆಯ ಮೇಲೆ ಸಿಗಬಹುದಾದ ಅತಿ ಹತ್ತಿರದ ರೂಪ ಇದು.

ನಟವರ್ಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೇಮಿನ ಮುಖವನ್ನೇ ಹೋಲುವವರನ್ನು ಹುಡುಕುವುದು ವ್ಯರ್ಥ. ಜೋಲ್ ಆದ ಪೆಡ್ರೊ ಪಾಸ್ಕಲ್ ಮತ್ತು ಎಲ್ಲಿಯಾದ ಬೆಲ್ಲಾ ರಾಮ್ಸಿ ಇಬ್ಬರಲ್ಲಿ ಯಾರೂ ಹೋಲುವುದಿಲ್ಲ. ಮೂಲ ಕಲಾವಿದರಿಗೆ ಗೌರವದ ಜಾಗ ಕೊಡುವುದಾದರೆ ಅದು ಕಥೆಗೂ ಒದಗುವಂತಿರಲಿ: ಗೇಮಿನಲ್ಲಿ ಎಲ್ಲಿಯಾಗಿದ್ದ ಆ್ಯಶ್ಲಿ ಜಾನ್ಸನ್ ಸರಣಿಯಲ್ಲಿ ಎಲ್ಲಿಯನ್ನು ಹೆರುವ ತಾಯಿಯಾದರು. ಗುಸ್ತಾವೊ ಸಾಂತಾವೊಲಾಯಾ ಅವರ ತಂತಿವಾದ್ಯವನ್ನು ಹಾಗೆಯೇ ಉಳಿಸಿಕೊಂಡದ್ದು ಸರಿಯಾದ ನಿರ್ಧಾರ, ಏಕೆಂದರೆ ಸಂಗೀತಕ್ಕೆ ಕಂಟ್ರೋಲರ್‌ನ ಹಂಗಿಲ್ಲ.

ಇನ್ನು, ಬದಲಿಸಬಾರದ ದೃಶ್ಯಗಳೂ ಇರುತ್ತವೆ. ಜಿರಾಫೆಯ ದೃಶ್ಯ ಅಂಥದ್ದು, ಹುಡುಗಿ ಎಲ್ಲಿಗೆ ಜೋಲ್ ಹೇಳುವ ಕೊನೆಯ ಸುಳ್ಳು ಅಂಥದ್ದು. ಎರಡೂ ಕಡೆ ಗೇಮಿನಲ್ಲೇ ಆಟಗಾರನ ಕೈ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹಾಗಾಗಿ ತೆರೆಗೆ ತರುವಾಗ ಏನೂ ನಷ್ಟವಾಗುವುದಿಲ್ಲ. ಅವುಗಳ ನಡುವೆ ಬರುವ, ಎಲ್ಲಿಯನ್ನು ಉಳಿಸಿಕೊಳ್ಳಲು ಜೋಲ್ ನುಗ್ಗುವ ಆಸ್ಪತ್ರೆಯ ದೃಶ್ಯ ಕಠಿಣ. ಗೇಮಿನಲ್ಲಿ ಶಸ್ತ್ರವೈದ್ಯನನ್ನು ಕೊಲ್ಲದೆ ಮುಂದೆ ಹೋಗಲು ಆಗುವುದೇ ಇಲ್ಲ. ಆ ಕೊಲೆಯನ್ನು ಆಟಗಾರನ ಬೆರಳೇ ಮಾಡುತ್ತದೆ, ಅಪರಾಧದಲ್ಲಿ ಅವನಿಗೂ ಪಾಲಿದೆ. ಪಾಲು ಕೊಡಲಾಗದ ಸರಣಿ ಬೇರೆ ದಾರಿ ಹಿಡಿಯಿತು: ಗುಂಡಿನ ಸದ್ದುಗಳನ್ನು ಮಂಕಾಗಿಸಿ, ಅದರ ಮೇಲೆ ವಿಷಾದದ ಸಂಗೀತ ಹರಿಸಿ, ಭಾವವೇ ಇಲ್ಲದ ಮುಖದಿಂದ ಒಬ್ಬೊಬ್ಬರನ್ನೇ ಕೊಲ್ಲುತ್ತಾ ಸಾಗುವ ಜೋಲ್‌ನನ್ನು ತೋರಿಸಿತು. ಅದುವರೆಗೆ ಅವನನ್ನು ಪ್ರೀತಿಸಿದ ಪ್ರೇಕ್ಷಕರು ಅಲ್ಲಿ ಅವನಿಗೆ ಹೆದರುತ್ತಾರೆ. ಗೇಮಿನಲ್ಲಾಗುವ ಭಾವ ಇದಲ್ಲ. ತೂಕದಲ್ಲಿ ಮಾತ್ರ ಎರಡೂ ಸಮ.

ಗೇಮಿಗೆ ಎರಡನೆಯ ಭಾಗವಿದ್ದರೆ ಅದನ್ನು ಎಲ್ಲಿ ಮುರಿಯಬೇಕೆಂಬುದನ್ನು ಮೊದಲ ಋತು ಬರೆಯುವಾಗಲೇ ಯೋಚಿಸಬೇಕಾಗುತ್ತದೆ. 2020ರಲ್ಲಿ ಬಂದ ಎರಡನೆಯ ಗೇಮಿನಲ್ಲಿ ಜೋಲ್‌ನನ್ನು ಕೊಲ್ಲುವ ಆ್ಯಬಿಯನ್ನೂ ಆಟಗಾರನೇ ನಡೆಸುತ್ತಾನೆ. ಅವಳಾಗಿ ಹಿಮದಲ್ಲಿ ಬದುಕಿ ಉಳಿದವನಿಗೆ ಅವಳ ಕಾರಣ ತಿಳಿಯದಿದ್ದರೂ ಒಂದು ನಂಟು ಬೆಳೆದಿರುತ್ತದೆ, ಆದ್ದರಿಂದ ಗೇಮಿಗೆ ಆ ಕಾರಣವನ್ನು ಬಹಳ ಹೊತ್ತು ಮುಚ್ಚಿಡಲು ಸಾಧ್ಯವಾಯಿತು. 2025ರ ಏಪ್ರಿಲ್‌ನಲ್ಲಿ ಆರಂಭವಾದ ಏಳು ಕಂತುಗಳ ಎರಡನೆಯ ಋತುವಿಗೆ ಆ ನಂಟು ಇಲ್ಲ. ಹಾಗಾಗಿ ಆ ಆಸ್ಪತ್ರೆಯಲ್ಲಿ ಸತ್ತವರ ಗೋರಿಗಳ ಮುಂದೆ ನಿಂತ ಆ್ಯಬಿಯ ಪ್ರತಿಜ್ಞೆಯನ್ನು ಅದು ಮೊದಲಿಗೇ ತೋರಿಸಿಬಿಟ್ಟಿತು. ಇದು ನಾನು ಒಪ್ಪುವ ಬದಲಾವಣೆ. ಒಪ್ಪಲು ಕಷ್ಟವಾಗುವುದು ಆ ಋತುವಿನ ಕೊನೆ. ಎಲ್ಲಿ ಮತ್ತು ಆ್ಯಬಿ ಎದುರುಬದುರಾದ ಕ್ಷಣದಲ್ಲಿ ಗುಂಡು ಹಾರಿ, ಕಥೆ ಸಿಯಾಟಲ್‌ನ ಮೊದಲ ದಿನಕ್ಕೆ, ಆ್ಯಬಿಯ ಕಡೆಗೆ ಹೊರಳಿ, ಅಲ್ಲಿಗೇ ನಿಲ್ಲುತ್ತದೆ. ಗೇಮಿನಲ್ಲಿ ಇದೇ ಹೊರಳು ಆಟಗಾರನನ್ನು ಕೆರಳಿಸಿದರೂ ಕಂಟ್ರೋಲರ್ ಅವನ ಕೈಯಲ್ಲೇ ಇರುವುದರಿಂದ ಅವನು ಕೆಲವೇ ನಿಮಿಷಗಳಲ್ಲಿ ಆ್ಯಬಿಯಾಗಿ ನಡೆಯತೊಡಗುತ್ತಾನೆ. ಸರಣಿಯ ಪ್ರೇಕ್ಷಕರು ಮುಂದಿನ ಋತುವಿನವರೆಗೆ ಆ ಸಿಟ್ಟನ್ನೇ ಇಟ್ಟುಕೊಂಡು ಕಾಯಬೇಕು. ಇಂಥ ರಚನೆಯ ಗೇಮನ್ನು ಕೈಗೆತ್ತಿಕೊಂಡವರು ದೃಷ್ಟಿಕೋನ ಹೊರಳುವ ಜಾಗವನ್ನು ಋತುವಿನ ಕೊನೆಗೆ ಇಡದೆ, ಅದಾದ ಮೇಲೆ ಕನಿಷ್ಠ ಒಂದು ಪೂರ್ಣ ಕಂತು ಅದೇ ಋತುವಿನಲ್ಲಿ ಉಳಿಯುವಂತೆ ಕಂತುಗಳ ಹಂಚಿಕೆಯನ್ನು ಕೊನೆಯಿಂದ ಮೊದಲಿನ ಕಡೆಗೆ ಮಾಡಿಕೊಂಡು ಬರಬೇಕು.